ನಾಲ್ಕನೇ ಚೀಟಿಗೆ ದುಡ್ಡು ಯಾರು ಕೊಡ್ತಾರೆ?

ನಮಸ್ಕಾರ. ಮಾನಸಿಕ ಕಾಯಿಲೆಯ ಔಷಧಿಗೆ ವಿಮೆಯಲ್ಲಿ ಮಿತಿ ಹಾಕಿದ್ರೆ ಸರ್ಕಾರಕ್ಕೆ ದುಡ್ಡು ಉಳಿಯುತ್ತಾ? ಉಳಿಯಲೇಬೇಕು ಅನ್ಸುತ್ತೆ. ಅಮೆರಿಕದ ಒಂದು ಪುಟ್ಟ ರಾಜ್ಯ ಇದನ್ನ ಮಾಡಿಯೇ ನೋಡಿತು.

[ಪರದೆ ಮೇಲೆ: ನ್ಯೂ ಹ್ಯಾಂಪ್‌ಶೈರ್ ನಕ್ಷೆ]

ಮೆಡಿಕೇಡ್ ಅಂದ್ರೆ ಬಡವರಿಗೆ, ಅಂಗವಿಕಲರಿಗೆ ಅಲ್ಲಿನ ಸರ್ಕಾರ ಕೊಡೋ ವಿಮೆ. ಸದ್ಯಕ್ಕೆ ಅಷ್ಟು ಸಾಕು. 1980ರ ದಶಕದ ಶುರುವಿನಲ್ಲಿ ನ್ಯೂ ಹ್ಯಾಂಪ್‌ಶೈರ್ ಒಂದು ನಿಯಮ ತಂತು: ಮೆಡಿಕೇಡ್‌ನಲ್ಲಿ ಒಬ್ಬರಿಗೆ ತಿಂಗಳಿಗೆ ಮೂರೇ ಔಷಧಿ ಚೀಟಿ. ನಾಲ್ಕನೆಯದಕ್ಕೆ ಕೈಯಿಂದ ಹಾಕ್ಕೊಬೇಕು.

ಈಗ ಮೆಡಿಕಲ್ ಶಾಪ್ ಮುಂದೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರೋ ಒಬ್ಬರು ನಿಂತಿದ್ದಾರೆ ಅಂದ್ಕೊಳ್ಳಿ. ಕೈಯಲ್ಲಿ ನಾಲ್ಕು ಚೀಟಿ. ಒಂದು, ಕಿವಿಯಲ್ಲಿ ಕೇಳೋ ಧ್ವನಿಗಳನ್ನ ಅಡಗಿಸೋ ಹ್ಯಾಲೊಪೆರಿಡಾಲ್. ಅದರಿಂದ ಕೈ ನಡುಗುತ್ತೆ, ಮೈ ಸೆಟೆದುಕೊಳ್ಳುತ್ತೆ, ಅದಕ್ಕೆ ಬೆಂಜ್‌ಟ್ರೋಪಿನ್. ಇನ್ನೊಂದು ಶುಗರ್‌ಗೆ, ಮತ್ತೊಂದು ಬಿಪಿಗೆ. ಯಾವುದನ್ನ ಬಿಡ್ತೀರಿ? ಬಿಪಿ ಮಾತ್ರೆ ಬಿಟ್ರೆ ಪಾರ್ಶ್ವವಾಯುವಿನ ಭಯ. ನಡುಕದ ಮಾತ್ರೆ ಬಿಟ್ರೆ ನೀರಿನ ಲೋಟ ತುಟಿಗೆ ಬರೋಷ್ಟರಲ್ಲಿ ಅರ್ಧ ಚೆಲ್ಲಿರುತ್ತೆ. ಹ್ಯಾಲೊಪೆರಿಡಾಲ್ ಬಿಟ್ರೆ? ಮೊದಲ ಕೆಲವು ದಿನ ಹಾಯಾಗೇ ಅನ್ನಿಸಬಹುದು. ಅದೇ ಅಪಾಯ. ಧ್ವನಿಗಳು ವಾರಗಟ್ಟಲೆ ಕಳೆದ ಮೇಲೆ ವಾಪಸ್ ಬರಬಹುದು. ಆ ಹೊತ್ತಿಗೆ, ಇದು ಮಾತ್ರೆ ಬಿಟ್ಟಿದ್ದಕ್ಕೆ ಅಂತ ಗುರುತಿಸೋ ತ್ರಾಣವೇ ಆ ಮನಸ್ಸಿಗೆ ಇಲ್ಲದೇ ಹೋಗಬಹುದು.

[ಪರದೆ ಮೇಲೆ: 90 ಡಾಲರ್, 1,530 ಡಾಲರ್]

ಸಂಶೋಧಕ ಸ್ಟೀಫನ್ ಸುಮೆರಾಯ್ ಅವರ ತಂಡ ಅಲ್ಲಿನ 268 ಸ್ಕಿಜೋಫ್ರೇನಿಯಾ ರೋಗಿಗಳ ದಾಖಲೆ ತೆಗೆದು ನೋಡಿ, 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿತು. ಮಾನಸಿಕ ಔಷಧಿಗಳ ಬಳಕೆ 15ರಿಂದ 49 ಶೇಕಡಾ ಇಳಿದಿತ್ತು. ಆಸ್ಪತ್ರೆ ದಾಖಲಾತಿ ಹೆಚ್ಚಲಿಲ್ಲ, ಅದನ್ನೂ ಹೇಳಲೇಬೇಕು. ಆದ್ರೆ ತುರ್ತು ಸೇವೆಗೆ ಓಡಿ ಬರೋರು ಹೆಚ್ಚಿದರು, ಮಾನಸಿಕ ಆರೋಗ್ಯ ಕೇಂದ್ರಗಳಿಗೆ ಪ್ರತಿ ರೋಗಿಯೂ ತಿಂಗಳಿಗೆ ಒಂದೆರಡು ಸಲ ಜಾಸ್ತಿ ಹೋಗಬೇಕಾಯ್ತು. ತಲಾ 1,530 ಡಾಲರ್ ಹೆಚ್ಚುವರಿ ಖರ್ಚು. ಔಷಧಿಯಲ್ಲಿ ಉಳಿದದ್ದರ 17 ಪಟ್ಟು! ಅಂದ್ರೆ ಸುಮಾರು 90 ಡಾಲರ್ ಒಂದು ಕಿಸೆಯಲ್ಲಿ ಉಳಿಸೋಕೆ ಹೋಗಿ ಇನ್ನೊಂದು ಕಿಸೆಗೇ ತೂತು ಬಿತ್ತು. 11 ತಿಂಗಳಿಗೆ ಮಿತಿ ತೆಗೆದ್ರು. ಮಾತ್ರೆಗಳ ಬಳಕೆ ಹಳೇ ಮಟ್ಟಕ್ಕೆ ಬಂತು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. 2003ರಲ್ಲಿ ಮೇನ್ ರಾಜ್ಯ ಸ್ಕಿಜೋಫ್ರೇನಿಯಾದ ಕೆಲವು ಔಷಧಿಗಳಿಗೆ ಮೊದಲೇ ಅನುಮತಿ ಪಡೀಬೇಕು ಅಂದಿತು. ಚಿಕಿತ್ಸೆ ತಪ್ಪೋ ಸಾಧ್ಯತೆ 29 ಶೇಕಡಾ ಏರಿತು. ಮೆಡಿಕೇರ್ ಅಂದ್ರೆ ಮುಖ್ಯವಾಗಿ ವಯಸ್ಸಾದವರಿಗೆ ಅಲ್ಲಿನ ಸರ್ಕಾರ ಕೊಡೋ ವಿಮೆ. 2006ರಲ್ಲಿ ಶುರುವಾದ ಅದರ ಔಷಧಿ ವಿಮೆ ಇದಕ್ಕೆ ಉಲ್ಟಾ: ಖಿನ್ನತೆ, ಮನೋವಿಕಾರದ ಔಷಧಿಗಳನ್ನ ಹೆಚ್ಚುಕಡಿಮೆ ಎಲ್ಲವನ್ನೂ ಪಟ್ಟಿಯಲ್ಲಿ ಇಡಲೇಬೇಕು. ಕೈಬಿಡೋ ಹಾಗಿಲ್ಲ ಅಂತ ಔಷಧಿ ಕಂಪನಿಗೂ ಗೊತ್ತು, ಹಾಗಾಗಿ ವಿಮೆಯವರಿಗೆ ಚೌಕಾಸಿಗೆ ಬಲ ಕಡಿಮೆ. ಇದಕ್ಕೂ ಜನರ ದುಡ್ಡೇ ಹೋಗುತ್ತೆ, ಆದ್ರೂ ನನ್ನ ಮಟ್ಟಿಗೆ ಇದು ಕೊಡಬಹುದಾದ ಬೆಲೆ. 2014ರಲ್ಲಿ ಈ ರಕ್ಷಣೆ ಸಡಿಲಿಸೋಕೆ ಹೊರಟ ಸರ್ಕಾರ, ವಿರೋಧ ಬಂದ ಮೇಲೆ ಹಿಂದೆ ಸರಿಯಿತು.

ಒಂದು ಮಾತು ಬಿಟ್ಟುಹೋಗಿತ್ತು. ಆ 17 ಪಟ್ಟು ಅನ್ನೋ ಲೆಕ್ಕದಲ್ಲಿ ಮಾನಸಿಕ ಚಿಕಿತ್ಸೆಯ ಖರ್ಚು ಮಾತ್ರ ಇದೆ. ರಾತ್ರಿಯೆಲ್ಲ ಮಗನ ಪಕ್ಕ ಕೂತು, ಬೆಳಿಗ್ಗೆ ಕೆಲಸಕ್ಕೆ ಹೋಗೋಕಾಗದ ತಾಯಿಯ ಆ ದಿನದ ಸಂಬಳ ಅದರಲ್ಲಿ ಸೇರಿಲ್ಲ.