ಟಿಕೆಟ್ಟಿನ ಹಿಂದೆ ಬರೆದ ಬಾಕಿ

ಕೇಳುಗರೆಲ್ಲರಿಗೂ ನಮಸ್ಕಾರ. ಹದಿನೇಳು ವರ್ಷ ಬಸ್ಸಿನಲ್ಲಿ ಸೀಟಿ ಊದಿ ಬದುಕಿದವನು ನಾನು. ಮೈಕಿನ ಮುಂದೆ ಕೂರುತ್ತಿರುವುದು ಇದೇ ಮೊದಲು. ಇಲ್ಲಿಯವರು ಹೆಡ್‌ಫೋನ್ ಕೊಟ್ಟರು. ಎಡಗಡೆಯದನ್ನು ಕಿವಿಯಿಂದ ಸರಿಸಿಬಿಟ್ಟಿದ್ದೇನೆ. ಆ ಕಿವಿಗೆ ಅದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹಾಸನದಿಂದ ಸಕಲೇಶಪುರ, ಅಲ್ಲಿಂದ ಶಿರಾಡಿ ಘಾಟಿ ಇಳಿದು ಮಂಗಳೂರು, ಇದು ನನ್ನ ಮಾರ್ಗ. ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಗೀಚಿ ಕೊಡುತ್ತಿದ್ದೆವು, ನಿಮಗೆ ಗೊತ್ತಿರುತ್ತದೆ. ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಜನ ಅದನ್ನು ಮರೆತೇ ಹೋಗುತ್ತಿದ್ದರು. ನನಗೆ ಬಂದ ಮೆನಿಂಜೈಟಿಸ್ ಅನ್ನುವ ಮಿದುಳುಪೊರೆಯ ಕಾಯಿಲೆಯ ಕಥೆಯೂ ಹಾಗೇ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಗುಣವಾಗಿದೆ ಅಂತ ಬರೆದಿದ್ದರು. ಹಿಂದೆ ಬಾಕಿ ಇತ್ತು, ಅದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಆಗ ನನಗೆ 42 ವರ್ಷ. ಎಡಗಿವಿ ಚಿಕ್ಕಂದಿನಿಂದಲೂ ಸೋರುತ್ತಿತ್ತು. ಅಮ್ಮ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದರು, ನಾನು ಹತ್ತಿ ತುರುಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದೆ. ಒಂದು ಆಷಾಢದ ರಾತ್ರಿ ಚಳಿಜ್ವರ ಬಂತು, ಜೊತೆಗೆ ತಲೆ ಸಿಡಿದುಹೋಗುವಂಥ ನೋವು. ಬೆಳಿಗ್ಗೆ ಕಿಟಕಿ ತೆರೆದರೆ ಬೆಳಕು ಕಣ್ಣಿಗೆ ಚುಚ್ಚಿತು. ಕುತ್ತಿಗೆ ಮರಗಟ್ಟಿತ್ತು, ಗದ್ದ ಎದೆಗೆ ತಾಕಿಸಲು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಲಗಿದಲ್ಲೇ 'ದೋಣಿಗಾಲ್ ಇಳಿಯೋರು ಯಾರ್ರೀ' ಅಂತ ಕೂಗುತ್ತಿದ್ದೆನಂತೆ. ನಮ್ಮ ಮನೆಯವರು ಆಟೊ ಕರೆಸಿದ್ದು ಆಗ.

ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆಯಬೇಕು ಅಂದಾಗ ಅಮ್ಮ ಒಪ್ಪಲಿಲ್ಲ. ಸೊಂಟ ಬಿದ್ದುಹೋಗುತ್ತೆ, ಮಗ ಏಳೋದೇ ಇಲ್ಲ ಅಂತ ಅತ್ತರಂತೆ. ಡಾಕ್ಟರು ಅವರನ್ನು ಕೂರಿಸಿಕೊಂಡು ಹೇಳಿದರಂತೆ: ಅಮ್ಮಾ, ಬೆನ್ನುಹುರಿ ಮೇಲೆಯೇ ಮುಗಿದಿರುತ್ತೆ, ನಾವು ಸೂಜಿ ಹಾಕೋದು ಅದಕ್ಕಿಂತ ಕೆಳಗೆ. ತಿಳಿಯಾಗಿರಬೇಕಾದ ನೀರು ಗಂಜಿ ತಿಳಿಯ ಹಾಗೆ ಮಸುಕಾಗಿ ಬಂತು. ಅದರಲ್ಲಿ ಸಿಕ್ಕಿದ್ದು ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ. ಸೋರುವ ಕಿವಿಯಿಂದ ಮಿದುಳಿನ ಸುತ್ತಲಿನ ಪೊರೆಗೆ ದಾರಿ ಮಾಡಿಕೊಂಡಿತ್ತು. ಆ ಪೊರೆಗೆ ಉರಿಯೂತ ಆಗುವುದಕ್ಕೇ ಮೆನಿಂಜೈಟಿಸ್ ಅನ್ನುತ್ತಾರೆ. ಹದಿನಾಲ್ಕು ದಿನ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರು. ಬ್ಯಾಕ್ಟೀರಿಯಾದಿಂದ ಈ ಕಾಯಿಲೆ ಬಂದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಸಾಯುತ್ತಾರೆ, ಬದುಕಿದವರಲ್ಲಿ ಐವರಿಗೊಬ್ಬರಿಗೆ ಏನಾದರೊಂದು ಊನ ಉಳಿಯುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಆ ಐವರಲ್ಲಿ ಒಬ್ಬ.

ಮನೆಗೆ ಬಂದ ಮಾರನೇ ದಿನ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೆ, ಅಷ್ಟೇ. ಧೊಪ್ಪನೆ ಬಿದ್ದೆ. ಹಗಲು ಗೋಡೆ ನೋಡಿಕೊಂಡು ಹೇಗೋ ನಡೆಯುತ್ತಿದ್ದೆ. ಕರೆಂಟು ಹೋದರೆ ಕುಡುಕನ ನಡಿಗೆ. ಬೀದಿಯವರು ಅದನ್ನೇ ಮಾತಾಡಿಕೊಂಡರು ಅನ್ನುವುದು ಆಮೇಲೆ ಗೊತ್ತಾಯಿತು. ಎಡಗಿವಿಯಲ್ಲಿ ಮಾತಿಲ್ಲ, ಬರೀ ಜೀರುಂಡೆ ಸದ್ದು. ನಡೆಯುವಾಗ ಅಂಗಡಿ ಬೋರ್ಡಿನ ಅಕ್ಷರಗಳೆಲ್ಲ ಕುಣಿಯುತ್ತಿದ್ದವು. ನಿಶ್ಶಕ್ತಿ, ಎಲ್ಲಾ ಸರಿಹೋಗುತ್ತೆ ಅಂತ ಎಳನೀರು ಕುಡಿದುಕೊಂಡು ಎರಡು ತಿಂಗಳು ಕಳೆದೆ. ಆ ಎರಡು ತಿಂಗಳಿಗಾಗಿಯೇ ಇವತ್ತು ಇಲ್ಲಿ ಕೂತಿದ್ದೇನೆ ಅಂದುಕೊಳ್ಳಿ.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಅಲ್ಲಿ ಒಬ್ಬರು ಚಿತ್ರ ಬರೆದು ತೋರಿಸಿದರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಭಾಗ ಇರುತ್ತದೆ, ಅದು ಕೇಳುವುದಕ್ಕೆ. ಪಕ್ಕದಲ್ಲೇ ಮೂರು ಬಳೆಯಂಥ ನಾಳಗಳಿವೆ, ಅವು ಮೈಯ ಸಮತೋಲ ಕಾಯುವುದಕ್ಕೆ. ಮಿದುಳಿನ ಸುತ್ತಲ ನೀರಿಗೂ ಈ ಒಳಗಿವಿಗೂ ಸಣ್ಣ ಕಾಲುವೆಯ ಸಂಪರ್ಕ. ಉರಿಯೂತ ಅದರಲ್ಲಿ ಹರಿದು ಬಂದು ಎರಡನ್ನೂ ಸುಟ್ಟುಬಿಡುತ್ತದೆ. ಉರಿಯೂತ ಆರಿದ ಮೇಲೆ ಕೆಲವರಲ್ಲಿ ಆ ಚಿಪ್ಪಿನೊಳಗೆ ಮೂಳೆ ಬೆಳೆಯತೊಡಗುತ್ತದೆ. ವರ್ಷಗಟ್ಟಲೆ ಬೇಕಿಲ್ಲ, ವಾರಗಳಲ್ಲೇ ಶುರುವಾಗಬಹುದು. ಕಿವಿ ಪೂರ್ತಿ ಹೋದವರಿಗೆ ಕೇಳಿಸಲಿ ಅಂತ ಆಪರೇಷನ್ ಮಾಡಿ ಕೂರಿಸುವ ಸಾಧನಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಅನ್ನುತ್ತಾರೆ. ಒಳಗೆ ಮೂಳೆ ತುಂಬಿತೆಂದರೆ ಅದರ ತಂತಿ ತೂರಿಸುವುದು ಕಷ್ಟ. ನನ್ನ ಎಡಗಿವಿಯಲ್ಲಿ ಆಗಲೇ ಮೂಳೆ ಕಟ್ಟಿತ್ತು. ಬಲಗಿವಿ ಉಳಿದಿತ್ತು, ನನ್ನ ಪುಣ್ಯ.

ಅವತ್ತು ಅದೇ ಬೆಂಚಿನ ಮೇಲೆ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡ ತಾಯಿ ಕೂತಿದ್ದರು. ಮಗುವಿಗೂ ಇದೇ ಕಾಯಿಲೆ ಬಂದು ಹೋಗಿತ್ತು. 'ಜ್ವರ ಬಂದಾದ ಮೇಲೆ ತಾತ, ಅತ್ತೆ ಅನ್ನೋದನ್ನೆಲ್ಲ ಮರೆತುಬಿಟ್ಟಳು ಅಣ್ಣಾ' ಅಂದರು. ಮಗು ಮರೆತಿರಲಿಲ್ಲ, ಎರಡೂ ಕಿವಿ ಕೇಳುತ್ತಿರಲಿಲ್ಲ. ಮಗುವನ್ನು ಮಲಗಿಸಿ, ಕಿವಿಗೆ ಬಿಟ್ಟ ಸದ್ದು ಮಿದುಳಿಗೆ ಮುಟ್ಟುತ್ತಿದೆಯೇ ಅಂತ ನೋಡುವ ಬೆರಾ ಅನ್ನುವ ಪರೀಕ್ಷೆ ಮಾಡಿದರು. ಅಲ್ಲಿಯವರು ಅವತ್ತು ಓಡಾಡಿದ ರಭಸ ನೋಡಿಯೇ ನನಗೆ ಈ ವಿಷಯದಲ್ಲಿ ದಿನಗಳ ಬೆಲೆ ಅರ್ಥವಾದದ್ದು. ಪುಟ್ಟ ಮಕ್ಕಳ ಇಂಪ್ಲಾಂಟಿಗೆ ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ನೆರವಿದೆ ಅಂತ ಆ ತಾಯಿಗೆ ಅಲ್ಲೇ ತಿಳಿಸಿದರು. ಆಮೇಲೆ ಅವರು ನನಗೆ ಸಿಗಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ, ಡಿಸ್ಚಾರ್ಜಿಗೆ ಮೊದಲೇ ಕಿವಿ ಪರೀಕ್ಷೆ ಮಾಡಿಸಿ. ಆಗಲಿಲ್ಲವೋ, ತಿಂಗಳೊಳಗೆ. ಚೆನ್ನಾಗೇ ಕೇಳಿಸುತ್ತಿದೆ ಅನ್ನಿಸಿದರೂ ಮಾಡಿಸಿ.

ಮೈಯ ಸಮತೋಲ ಕಾಯುವುದನ್ನು ನನಗೆ ಮತ್ತೆ ಕಲಿಸಿದ್ದು ಗೋಡೆ ಕ್ಯಾಲೆಂಡರು. ದಪ್ಪಕ್ಷರದ ಒಂದು ತಾರೀಖಿನ ಮೇಲೆ ಕಣ್ಣು ನೆಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು, ಅಂಕಿ ಮಸುಕಾಗಬಾರದು. ದಿನಕ್ಕೆ ಮೂರು ಸಲ. ಮೊದಲ ವಾರ ವಾಂತಿಯೇ ಬಂತು. ಬಿಡಬೇಡಿ, ತಲೆ ತಿರುಗಿದರೇ ಮಿದುಳು ಕಲಿಯೋದು ಅಂದರು ಫಿಸಿಯೋಥೆರಪಿಯವರು. ಕೆಟ್ಟ ಕಿವಿಯ ಕೆಲಸವನ್ನು ಕಣ್ಣು ಮತ್ತು ಅಂಗಾಲು ವಹಿಸಿಕೊಳ್ಳುವುದಕ್ಕೆ ತಿಂಗಳುಗಳೇ ಹಿಡಿದವು. ಈಗ ಸಮ ನೆಲದಲ್ಲಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಶಿರಾಡಿಯ ತಿರುವಿನಲ್ಲಿ ಕಂಬಿ ಬಿಟ್ಟು ನಿಂತು ಟಿಕೆಟ್ ಹರಿಯುವ ಕಾಲ ಮುಗಿಯಿತು.

ಕಣ್ಣಿಗೆ ಕಾಣದ ಬಾಕಿ ಇನ್ನೂ ಇತ್ತು. ಕುಕ್ಕರ್ ಕೂಗಿದರೆ ಕಿರುಚುತ್ತಿದ್ದೆ. ಮಗಳು ಜೋರಾಗಿ ಪಾಠ ಓದಿದರೆ ಪುಸ್ತಕ ಕಿತ್ತು ಎಸೆದದ್ದೂ ಉಂಟು. ಐವತ್ತು ಜನರ ಚಿಲ್ಲರೆ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದವನು ಅಂಗಡಿಗೆ ಹೋಗಿ ಏನು ತರಬೇಕು ಅಂತ ನಿಂತುಬಿಡುತ್ತಿದ್ದೆ. ಎರಡು ಗಂಟೆ ಜನರ ನಡುವೆ ಕೂತರೆ ಸಾಕು, ಆ ದಿನಕ್ಕೆ ನಾನು ಮುಗಿದೆ. ನೋಡೋಕೆ ಚೆನ್ನಾಗೇ ಇದ್ದೀಯಲ್ಲೋ ಅಂತ ನೆಂಟರು ಅಂದಾಗ ಉತ್ತರ ಹೊಳೆಯುತ್ತಿರಲಿಲ್ಲ. ಇದು ಸ್ವಭಾವ ಕೆಟ್ಟದ್ದಲ್ಲ, ಕಾಯಿಲೆಯ ಶೇಷ ಅಂತ ಡಾಕ್ಟರು ನಮ್ಮ ಮನೆಯವರಿಗೆ ಹೇಳಿದ ದಿನ ಇಬ್ಬರೂ ಅತ್ತೆವು. ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಮರೆವಿಗೆ ನನ್ನ ಹಳೇ ವಿದ್ಯೆಯೇ ಒದಗಿತು. ಎಲ್ಲವನ್ನೂ ಚೀಟಿಯ ಹಿಂದೆ ಬರೆದುಕೊಳ್ಳುತ್ತೇನೆ, ಜೇಬೆಲ್ಲ ಚೀಟಿ.

ಕೆಲಸ ಹೋಯಿತು ಅಂದುಕೊಂಡಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು ಓದು ಅಂದ ಜೊತೆಗಾರನೊಬ್ಬ. ಸರ್ಕಾರಿ ಸಂಸ್ಥೆಯಲ್ಲಿ ದುಡಿಯುವಾಗ ಅಂಗವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಅರ್ಜಿಗೆ ಅದನ್ನೇ ಬರೆದು ಲಗತ್ತಿಸಿದೆ. ಈಗ ಪಾಸ್ ಕೌಂಟರಿನಲ್ಲಿದ್ದೇನೆ.

ನನ್ನ ಕಿವಿಗೆ ಆಪರೇಷನ್ ಆಗಿ ಸೋರುವುದು ನಿಂತಿದೆ. ನ್ಯುಮೊಕಾಕಸ್ ಲಸಿಕೆಯನ್ನೂ ಹಾಕಿಸಿಕೊಂಡೆ. ಮಕ್ಕಳಿಗಂತೂ ಅದು 2021ರಿಂದ ದೇಶದೆಲ್ಲೆಡೆ ಉಚಿತ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ತಾಯಿ ಕಾರ್ಡು ತೆಗೆದು ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ಮಾತು. ಕೌಂಟರಿನಲ್ಲಿ ಯಾರಾದರೂ 'ಏನಂದ್ರಿ' ಅಂತ ಎರಡು ಸಲ ಕೇಳಿದರೆ ಧಿಮಾಕು ಅಂದುಕೊಳ್ಳಬೇಡಿ, ಅದು ನಾನೇ ಇರಬಹುದು. ಕಿಂಡಿಯ ಎಡಮಗ್ಗುಲಿಗೆ ಬಂದು ಹೇಳಿ. ಅದು ನಿಮಗೆ ಎಡ, ನನಗೆ ಬಲ. ನಮಸ್ಕಾರ.