ವಕಾಂಡದ ರಾಜ ಯಾವ ಭಾಷೆ ಮಾತಾಡಬೇಕು?

[ಪರದೆ ಕಪ್ಪು. ನಾಲಗೆ ಅಂಗುಳಿಗೆ ತಾಗಿ ಬಿಡುವ 'ಟಕ್' ಸದ್ದು.]

ಕೇಳಿಸ್ತಾ? ಇದು ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯ ಒಂದು ವ್ಯಂಜನ. ನೆಲ್ಸನ್ ಮಂಡೇಲಾ ಅವರ ಮನೆಮಾತು ಇದೇ. ಸೂಪರ್‌ಹೀರೋ ಸಿನಿಮಾಗಳ ಲೋಕಕ್ಕೆ ಈ ಭಾಷೆಯನ್ನು ಕರೆತಂದವರು ಒಬ್ಬ ಹಿರಿಯ ನಟ.

2016ರ 'ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್' ಚಿತ್ರದಲ್ಲಿ ವಕಾಂಡದ ರಾಜನಾಗಿದ್ದವರು ದಕ್ಷಿಣ ಆಫ್ರಿಕಾದ ರಂಗನಟ ಜಾನ್ ಕಾನಿ. ವಕಾಂಡ ಕಲ್ಪನೆಯ ದೇಶ. ಆದರೆ ಆಫ್ರಿಕಾದ ಒಬ್ಬ ಅಪ್ಪ ತನ್ನ ಮಗನ ಜೊತೆ ಇಂಗ್ಲಿಷ್‌ನಲ್ಲೇ ಯಾಕೆ ಮಾತಾಡಬೇಕು? ಕಾನಿ ತಮ್ಮ ತಾಯ್ನುಡಿಯನ್ನೇ ಸೂಚಿಸಿದರು. ಮಗನ ಪಾತ್ರದ ಚಾಡ್ವಿಕ್ ಬೋಸ್‌ಮನ್ ಆ ಮಾತುಗಳನ್ನು ಕಲಿತರು. ವಕಾಂಡಕ್ಕೆ ನುಡಿ ಸಿಕ್ಕಿದ್ದು ಹೀಗೆ.

ಬೋಸ್‌ಮನ್ ಇನ್ನೂ ಒಂದು ಹಟ ಹಿಡಿದರು. ಮುಂದೆ ರಾಜನಾಗುವ ಈ ಮಗ ಇಂಗ್ಲಿಷ್ ಮಾತಾಡಿದರೂ ಅದರಲ್ಲಿ ಆಫ್ರಿಕಾದ ಧಾಟಿ ಇರಬೇಕು. ಯಾರ ವಸಾಹತೂ ಆಗದ ದೇಶದ ದೊರೆಗೆ ಬ್ರಿಟಿಷ್ ಉಚ್ಚಾರಣೆ ಎಲ್ಲಿಂದ ಬರುತ್ತೆ?

[ಹಳೆಯ ಕಾಮಿಕ್ಸ್ ಪುಟ, 1966.]

ಬ್ಲ್ಯಾಕ್ ಪ್ಯಾಂಥರ್, ಅಂದರೆ ವಕಾಂಡದ ರಾಜನ ಸೂಪರ್‌ಹೀರೋ ರೂಪ, ಹುಟ್ಟಿದ್ದು 1966ರಲ್ಲಿ, ಕಾಮಿಕ್ಸ್ ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಕೈಯಲ್ಲಿ. ತೆರೆಯ ಮೇಲೆ ಕಪ್ಪು ನಾಯಕ ಇರಲೇ ಇಲ್ಲ ಅಂತಲ್ಲ. 1998ರಲ್ಲೇ ವೆಸ್ಲಿ ಸ್ನೈಪ್ಸ್ ನಾಯಕನಾಗಿದ್ದ 'ಬ್ಲೇಡ್' ಸಿನಿಮಾ ಗೆದ್ದಿತ್ತು. ಆದರೆ ಬ್ಲೇಡ್ ಒಂಟಿ. ಅವನ ಸುತ್ತ ಅವನದೇ ಆದ ಊರಿಲ್ಲ, ಅಜ್ಜಿಯರಿಲ್ಲ, ಹಬ್ಬವಿಲ್ಲ. ನನಗೆ ದೊಡ್ಡದಾಗಿ ಕಾಣೋದು ಈ ವ್ಯತ್ಯಾಸವೇ.

2018ರಲ್ಲಿ ರಯಾನ್ ಕೂಗ್ಲರ್ ನಿರ್ದೇಶಿಸಿದ 'ಬ್ಲ್ಯಾಕ್ ಪ್ಯಾಂಥರ್' ಆ ಇಡೀ ಊರನ್ನೇ ತೋರಿಸಿತು.

[ರಾಣಿ ರಮೋಂಡಾಳ ಅಗಲವಾದ ಬಿಳಿ ಶಿರೋಭೂಷಣ, ಹತ್ತಿರದಿಂದ.]

ಇದನ್ನು ನೋಡಿ. ಜುಲು ಸಮುದಾಯದ ಮದುವೆಯಾದ ಹೆಂಗಸರು ತೊಡುವ ಇಸಿಕೋಲೋ ಟೋಪಿಯೇ ಇದಕ್ಕೆ ಮೂಲ. ಸಿನಿಮಾಕ್ಕಾಗಿ ತಯಾರಾಗಿದ್ದು 3ಡಿ ಪ್ರಿಂಟರ್‌ನಲ್ಲಿ! ಗಡಿ ಕಾಯುವ ಯೋಧರು ಹೊದ್ದಿರೋದು ಆಫ್ರಿಕಾದ ಲೆಸೋಥೋ ದೇಶದ ಬಸೋಥೋ ಜನರ ಕಂಬಳಿ. ಈ ಉಡುಪುಗಳಿಗೆ ರೂತ್ ಕಾರ್ಟರ್, ಕಲಾ ನಿರ್ದೇಶನಕ್ಕೆ ಹ್ಯಾನಾ ಬೀಚ್ಲರ್ 2019ರಲ್ಲಿ ಆಸ್ಕರ್ ಪಡೆದರು. ಆ ಎರಡೂ ವಿಭಾಗಗಳಲ್ಲಿ ಗೆದ್ದ ಮೊದಲ ಕಪ್ಪು ಮಹಿಳೆಯರು ಇವರೇ. ಕ್ಯಾಮೆರಾದ ಹಿಂದೆ ಇವರಿದ್ದದ್ದಕ್ಕೇ ಮುಂದೆ ಅಷ್ಟು ಸಿಕ್ಕಿತು ಅಂತ ನಾನು ನಂಬ್ತೀನಿ.

ಚಿತ್ರ ಜಗತ್ತಿನಾದ್ಯಂತ ಸುಮಾರು 130 ಕೋಟಿ ಡಾಲರ್ ಗಳಿಸಿತು. ಕಪ್ಪು ನಾಯಕನ ಸಿನಿಮಾ ಅಮೆರಿಕದಾಚೆ ಓಡಲ್ಲ ಅನ್ನೋ ಹಾಲಿವುಡ್‌ನ ಹಳೇ ವಾದ ಅಲ್ಲಿಗೆ ಬಿತ್ತು.

ತಕರಾರೂ ಇದೆ, ನ್ಯಾಯವಾದದ್ದೇ. ಹತ್ತಾರು ಜನಾಂಗಗಳ ಉಡುಗೆ, ನುಡಿ, ಕುಣಿತವನ್ನೆಲ್ಲ ಒಂದೇ ದೇಶದಲ್ಲಿ ಕಲಸಿದರೆ, ಯಾವುದು ಯಾರದು ಅಂತ ಹೊರಗಿನವರಿಗೆ ಗೊತ್ತಾಗೋದು ಹೇಗೆ? ಆದರೂ ಇದೇ ಚಿತ್ರದ ಖಳ ಕಿಲ್‌ಮಾಂಗರ್, ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ನಿಂತು, ನಿಮ್ಮ ಪೂರ್ವಜರು ಇವನ್ನೆಲ್ಲ ಬೆಲೆ ಕೊಟ್ಟು ತಂದರಾ ಅಂತ ಕೇಳ್ತಾನೆ. 1897ರಲ್ಲಿ ಬ್ರಿಟಿಷ್ ಸೇನೆ ಇಂದಿನ ನೈಜೀರಿಯಾದ ಬೆನಿನ್ ನಗರದಿಂದ ದೋಚಿದ ಕಂಚಿನ ಶಿಲ್ಪಗಳ ನಿಜವಾದ ಜಗಳ ಅದು. ಪಾಪ್‌ಕಾರ್ನ್ ತಿನ್ನೋ ಜನರ ಮುಂದೆ ಬಂದು ನಿಂತಿತು.

[ಅಮೆರಿಕದ ಓಕ್‌ಲ್ಯಾಂಡ್, 1992: ಚಿತ್ರದ ಆರಂಭದ ದೃಶ್ಯ.]

ಮತ್ತೆ ನೋಡುವಾಗ ಈ ದೃಶ್ಯದಲ್ಲಿ ಸ್ವಲ್ಪ ನಿಲ್ಲಿ. ಮುಖವಾಡ ತೆಗೆಯುವವನು ಯೌವನದಲ್ಲಿರುವ ಅದೇ ಹಿರಿಯ ರಾಜ; ಆ ಪಾತ್ರದಲ್ಲಿರೋದು ಅಟಾಂಡ್ವಾ ಕಾನಿ. ಜಾನ್ ಕಾನಿಯವರ ಸ್ವಂತ ಮಗ.