ತಲೆ ಬಿಡಿ, ಬಾಲ ನೋಡಿ

ಕೇಳುಗರಿಗೆ ನಮಸ್ಕಾರ. ಟರ್ಕಿಶ್ ಧಾರಾವಾಹಿ ನೋಡಿ ಆ ಭಾಷೆ ಕಲಿಯಲು ಹೊರಟ ಹುಡುಗರು, "ಸಾರ್, ಒಂದೊಂದು ಪದವೂ ರೈಲಿನಷ್ಟುದ್ದ" ಎಂದು ಗೋಳಾಡುತ್ತಾರೆ. ಅಲ್ರೀ, ದಿನಾ "ಮನೆಗಳಿಂದಲೂ" ಅನ್ನೋ ಬಾಯಿಗೆ ರೈಲು ಹೊಸದೇ? ತಲೆ ಬಿಡಿ, ಬಾಲ ನೋಡಿ.

'ಎವ್' ಅಂದರೆ ಮನೆ. 'ಎವ್‌ದೆ' ಮನೆಯಲ್ಲಿ, 'ಎವ್‌ದೆನ್' ಮನೆಯಿಂದ. ಇಲ್ಲಿಯವರೆಗೆ ನಮ್ಮ ಶಾಲೆಯ ವಿಭಕ್ತಿಯೇ. ಆದರೆ 'ನನ್ನ' ಎಂಬುದನ್ನು ನಾವು ಮುಂದಿಟ್ಟರೆ, ಅವರು ಅದನ್ನೂ ಬಾಲಕ್ಕೇ ಕಟ್ಟುತ್ತಾರೆ: 'ಎವಿಮ್', ನನ್ನ ಮನೆ. 'ಎವ್‌ಲೆರಿಮಿಜ್‌ದೆ' ಬಿಡಿಸಿ ನೋಡಿ: ಎವ್ ಮನೆ, ಲೆರ್ ಗಳು, ಇಮಿಜ್ ನಮ್ಮ, ದೆ ಅಲ್ಲಿ. ನಮ್ಮ ಮನೆಗಳಲ್ಲಿ! ಮೊದಲು ಬಹುವಚನ, ಆಮೇಲೆ ಒಡೆತನ, ಕೊನೆಗೆ ವಿಭಕ್ತಿ. ಈ ಸಾಲು ಕದಲುವುದಿಲ್ಲ.

ಇದು ನನಗೆ ಮನದಟ್ಟಾದದ್ದು ಇಸ್ತಾಂಬುಲ್‌ನ ಕಾದಿಕೊಯ್‌ನಲ್ಲಿ, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದೆ. ಮಾಲೀಕರು ವಯಸ್ಸಾದ ಹೆಂಗಸು, ನನ್ನನ್ನು ಮಗನ ಹಾಗೆ 'ನೀನು' ಅಂತಲೇ ಮಾತಾಡಿಸುತ್ತಿದ್ದರು. ಫೋನ್ ಮಾಡಿದರೆ ಕೆಳಮನೆಯವರ ಬಗ್ಗೆ ಏನೋ ಗಡಗಡ ಹೇಳಿ, ಕೊನೆಗೆ "ಅನಹ್ತಾರ್ ಎವಿನ್ದೆ" ಅಂದರು. ಬೀಗದ ಕೈ ನಿನ್ನ ಮನೆಯಲ್ಲಿದೆ. ಅದು ನನಗೂ ಗೊತ್ತಲ್ಲ ತಾಯಿ! ಸಿಟ್ಟು ಬಂತು, ಫೋನ್ ಇಟ್ಟೆ. ಚಳಿಯಲ್ಲಿ ಒಂದು ಗಂಟೆ ಕೂತೆ. ಕಡೆಗೆ ಕೆಳಮನೆಯ ಯಜಮಾನರೇ ಇನ್ನೊಂದು ಬೀಗದ ಕೈ ಹಿಡಿದು ಮೇಲೆ ಬಂದು, "ಯಾಕಪ್ಪಾ ಬರಲೇ ಇಲ್ಲ?" ಅಂದರು.

ಆದದ್ದಿಷ್ಟೇ. 'ಇನ್' ಅಂದರೆ ನಿನ್ನ. ಎವ್-ಇನ್-ದೆ, ನಿನ್ನ ಮನೆಯಲ್ಲಿ. 'ಇ' ಅಂದರೆ ಅವನ. ಅದಕ್ಕೆ ವಿಭಕ್ತಿ ಹತ್ತುವಾಗ ನಡುವೆ ಒಂದು ನಕಾರ ನುಸುಳುತ್ತದೆ. ಎವ್-ಇ-ನ್-ದೆ, ಅವನ ಮನೆಯಲ್ಲಿ. ಕಿವಿಗೆ ಎರಡೂ ಒಂದೇ. ಆಕೆ ಮೊದಲೇ ಯಾರ ಹೆಸರೆತ್ತಿದ್ದರು ಎಂದು ಕೇಳಿಸಿಕೊಂಡಿದ್ದರೆ ನಾನು ನಡುಗಬೇಕಿರಲಿಲ್ಲ. ಆದರೂ ನನ್ನ ಮಾತು ಅದೇ: ಬಾಲ ನೋಡಿ. ಒಂದೇ ಬಾಲದಲ್ಲಿ ಇಬ್ಬರು ಅಡಗಿರಬಹುದು, ಅಷ್ಟೇ.

ಸ್ವರಗಳ ಹೊಂದಾಣಿಕೆ ಹೇಳಬೇಕಿತ್ತು, ಹೊತ್ತಿಲ್ಲ. ಎವ್‌ಗೆ 'ದೆ', ಶಾಲೆ ಎಂಬ 'ಒಕುಲ್'ಗೆ 'ದಾ'. ಬಾಯಿಗೆ ಯಾವುದು ಸಲೀಸೋ ಅದು. "ಆಯ್ಷೆಯ ಮನೆ"ಗೆ ಇಬ್ಬರಿಗೂ ಬಾಲ: ಆಯ್ಷೆನಿನ್ ಎವಿ, 'ಆಯ್ಷೆಯ ಅವಳ-ಮನೆ' ಅಂದ ಹಾಗೆ. ನಮ್ಮ ಹಿರಿಯರು ಕಿತಾಬು ಅನ್ನುತ್ತಿದ್ದದ್ದು ಅಲ್ಲಿ 'ಕಿತಾಪ್'. ನನ್ನದು ಅಂದ ಕೂಡಲೇ ಕಳೆದುಹೋದ ಬಕಾರ ವಾಪಸ್ಸು, 'ಕಿತಾಬಿಮ್'. ಗಾಜಿನಾಚೆಯಿಂದ ಕೈ ಆಡಿಸುತ್ತಿದ್ದಾರೆ. ನಮಸ್ಕಾರ.